ಕಂಪ್ಯೂಟರಿನ ಪವರ್ ಸಪ್ಲೈ ತರೋ ಮುಂಚೆ ಲೇಬಲ್ ಓದಿ
ಮಡಿಕೇರಿ ಮಳೆಗಾಲದಲ್ಲಿ ಕರೆಂಟು ಕಣ್ಣಾಮುಚ್ಚಾಲೆ ಆಡೋದು ಗೊತ್ತಲ್ವಾ? ಹಾಗಾಗಿ ಡಬ್ಬದ ಮೇಲೆ 650 ವ್ಯಾಟ್ ಅಂತ ಕಂಡ ಕೂಡಲೇ ಸುಮ್ನೆ ದುಡ್ಡು ಕೊಡಬೇಡಿ. ಲೇಬಲ್‌ನಲ್ಲಿ 12 ವೋಲ್ಟ್ ಸಾಲು ಹುಡುಕಿ. 54 ಆಂಪ್ ಇದ್ದರೆ 12ರಿಂದ ಗುಣಿಸಿ: 648 ವ್ಯಾಟ್, ಸರಿಯಿದೆ. 38 ಅಂತಿದ್ದರೆ ಬರೀ 456, ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ನಂಬಿರೋದು ಇದನ್ನೇ.

ಆಮೇಲೆ 80 ಪ್ಲಸ್ ಗೋಲ್ಡ್ ಗುರುತು. ಅರ್ಧ ಲೋಡಿನಲ್ಲಿ ಕನಿಷ್ಠ 90% ದಕ್ಷತೆ ಅಂತ ಅರ್ಥ. ಕಂಪ್ಯೂಟರಿಗೆ 300 ವ್ಯಾಟ್ ಬೇಕಾದಾಗ ಗೋಡೆಯಿಂದ ಸುಮಾರು 333 ಎಳೆಯುತ್ತದೆ, 80% ಇದ್ದರೆ 375. ವ್ಯತ್ಯಾಸವೆಲ್ಲ ಬಿಸಿಯಾಗಿ ಹೋಗುತ್ತದೆ (ಕೊಡಗಿನ ಚಳಿಗೆ ಒಳ್ಳೇದೇ ಅನ್ನಬೇಡಿ).

ಗೋಲ್ಡ್ ಇದ್ದ ಮಾತ್ರಕ್ಕೆ ಸಿಡಿಲಿಂದ ರಕ್ಷಣೆ ಇಲ್ಲ. ನನ್ನ ಹಳೇದು ಗುಡುಗಿನ ರಾತ್ರಿ ಪ್ಲಗ್ಗಿನಲ್ಲೇ ಉಳಿದು ಸುಟ್ಟುಹೋಯಿತು. ಯುಪಿಎಸ್ ತಗೊಂಡರೆ ಪ್ಯೂರ್ ಸೈನ್ ವೇವ್‌ನದ್ದೇ (ಗೋಡೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡೋದು) ತಗೊಳ್ಳಿ, ಆಕ್ಟಿವ್ ಪಿಎಫ್‌ಸಿ (ಆ ಅಲೆಗೆ ತಕ್ಕಂತೆ ಕರೆಂಟ್ ಎಳೆಯೋ ಸರ್ಕ್ಯೂಟ್) ಇರುವ ಕೆಲವು ಸಪ್ಲೈಗಳು ಅಗ್ಗದ ಯುಪಿಎಸ್ ಜೊತೆ ತಕರಾರು ಮಾಡುತ್ತವೆ.