ಕರ್ನಲ್‌ನಲ್ಲಿ ಒಂದು ಅನ್‌ಲೈಕ್ಲಿ ತೆಗೆದ ಅನುಭವ

ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್‌ನ ಕೋಡ್ ಓದಿದವರಿಗೆ ಲೈಕ್ಲಿ, ಅನ್‌ಲೈಕ್ಲಿ ಮ್ಯಾಕ್ರೊಗಳು (ಕೋಡ್‌ನ ಚುಟುಕು ಹೆಸರುಗಳು) ಗೊತ್ತಿರುತ್ತವೆ. ಈ ಷರತ್ತು ಹೆಚ್ಚಾಗಿ ನಿಜ, ಇದು ಅಪರೂಪ ಅಂತ, ಕೋಡನ್ನು ಮೆಷಿನ್ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಕೊಡುವ ಸುಳಿವುಗಳು ಅವು. ಬರೆದಾಗ ಸರಿಯಿದ್ದ ಸುಳಿವು ಕೆಲವು ವರ್ಷಗಳಲ್ಲಿ ಸುಳ್ಳಾಗಬಹುದು. ಅಂಥವನ್ನು ಹುಡುಕಿ ಸರಿಪಡಿಸುವುದು ನನಗೆ ತುಂಬಾ ಇಷ್ಟದ ಕೆಲಸ.

ಹುಡುಕುವ ಸಾಧನ ಕರ್ನಲ್‌ನಲ್ಲೇ ಇದೆ. 2008ರಲ್ಲಿ ಕರ್ನಲ್ ಡೆವಲಪರ್ ಸ್ಟೀವನ್ ರಾಸ್ಟೆಡ್ ಬರೆದದ್ದು. 'ಪ್ರೊಫೈಲ್ ಆನೊಟೇಟೆಡ್ ಬ್ರಾಂಚಸ್' ಕಾನ್ಫಿಗ್ ಆನ್ ಮಾಡಿ ಬಿಲ್ಡ್ ಮಾಡಿದರೆ, ಪ್ರತಿ ಸುಳಿವು ಎಷ್ಟು ಸಲ ಸರಿಯಾಯಿತು, ಎಷ್ಟು ಸಲ ತಪ್ಪಾಯಿತು ಅಂತ ಟ್ರೇಸಿಂಗ್ ಡೈರೆಕ್ಟರಿಯಲ್ಲಿ ಪಟ್ಟಿ ಸಿಗುತ್ತದೆ. ಬಳಸಿದ ಕಡೆಯೆಲ್ಲ ನಕಲಾಗುವ, ಹೆಡರ್ ಫೈಲಿನ ಇನ್‌ಲೈನ್ ಫಂಕ್ಷನ್ ಆದರೆ ಒಂದೇ ಸಾಲು ಹಲವು ಕಡೆ ಬರುತ್ತದೆ, ಕೂಡಿಸಿಕೊಂಡು ನೋಡಬೇಕು.

ನನ್ನ ಕಣ್ಣಿಗೆ ಬಿದ್ದದ್ದು, ಯಾರಾದರೂ ಹುಕ್ (ಆ ಜಾಗದಲ್ಲಿ ಕರೆಯಬೇಕಾದ ತಮ್ಮ ಫಂಕ್ಷನ್) ನೋಂದಾಯಿಸಿದ್ದಾರಾ ಅಂತ ನೋಡುವ ಒಂದು ಷರತ್ತು. ಅದಕ್ಕೆ ಅನ್‌ಲೈಕ್ಲಿ ಹಾಕಿದ್ದರು. ಆದರೆ ನನ್ನ ಸಿಸ್ಟಂನಲ್ಲಿ ಬೂಟ್ ಆಗುವಾಗಲೇ ಒಂದು ಸರ್ವಿಸ್ ನೋಂದಾಯಿಸಿಬಿಡುತ್ತದೆ. ಆಮೇಲೆ ಆ ಸುಳಿವು ಯಾವಾಗಲೂ ತಪ್ಪೇ.

ಹಾಗಂತ ಲೈಕ್ಲಿ ಅಂತ ತಿರುಗಿಸಿದರೆ ಮುಗಿಯಿತಾ? ಇಲ್ಲ. ಆ ಸರ್ವಿಸ್ ಇಲ್ಲದ ಪುಟ್ಟ ಬೋರ್ಡ್‌ಗಳಲ್ಲಿ ಅದೂ ಸುಳ್ಳೇ. ಉತ್ತರ ಮೆಷಿನ್‌ನಿಂದ ಮೆಷಿನ್‌ಗೆ ಬದಲಾಗುವಲ್ಲಿ ಸುಳಿವೇ ಬೇಡ. ಸುಮ್ನೆ ತೆಗೆದುಬಿಟ್ಟೆ. ತುಂಬಾ ಬಿಸಿ ದಾರಿ, ಅಂದರೆ ಮತ್ತೆ ಮತ್ತೆ ಓಡುವ ಕೋಡ್ ಆಗಿದ್ದರೆ, ಸ್ಟ್ಯಾಟಿಕ್ ಕೀ ಅನ್ನುವ ಕರ್ನಲ್ ಸೌಲಭ್ಯ ಬಳಸುತ್ತಿದ್ದೆ. ಅದು ಓಡುತ್ತಿರುವ ಕೋಡನ್ನೇ ತಿದ್ದುತ್ತದೆ, ಪ್ರತಿ ಸಲ ಪರೀಕ್ಷೆ ಮಾಡುವ ಪ್ರಮೇಯವೇ ಇರುವುದಿಲ್ಲ.

ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬಾರದು. ಎರರ್ ದಾರಿಯ ಅನ್‌ಲೈಕ್ಲಿ ನಿಮ್ಮ ಟೆಸ್ಟ್‌ನಲ್ಲಿ ತಪ್ಪಿದರೂ ಅಲ್ಲೇ ಇರಲಿ. ಯಾವ ಕೆಲಸ ಯಾವಾಗ ಓಡಬೇಕು ಅಂತ ನಿರ್ಧರಿಸುವ ಶೆಡ್ಯೂಲರ್‌ನಲ್ಲಿ ಮೆಷಿನ್ ಖಾಲಿ ಕೂತಾಗ ತಪ್ಪುವ ಸುಳಿವು, ಕೆಲಸ ಜಾಸ್ತಿ ಇದ್ದಾಗ ಸರಿ ಇರಬಹುದು. ನಮಗೆ ವೇಗ ಬೇಕಾಗಿರುವುದು ಆಗಲೇ ಅಲ್ವಾ?

ವೇಗ ಅಳೆಯಲು ಪ್ರೊಫೈಲ್ ಇಲ್ಲದ ಬಿಲ್ಡೇ ಬೇಕು, ಎಣಿಕೆಯೇ ಸಮಯ ತಿನ್ನುತ್ತದೆ. ಪರ್ಫ್ ಅನ್ನುವ ಅಳತೆ ಸಾಧನದಲ್ಲಿ ಬ್ರಾಂಚ್ ಮಿಸ್ (ಪ್ರೊಸೆಸರ್ ದಾರಿ ಊಹಿಸಿ ತಪ್ಪಿದ ಸಂಖ್ಯೆ) ಹೆಚ್ಚೇನೂ ಕದಲಲಿಲ್ಲ. ಅದು ಸಹಜ. ಯಾವ ಕಡೆ ಹೋಗಬೇಕು ಅನ್ನುವುದನ್ನು ಇಂದಿನ ಪ್ರೊಸೆಸರ್‌ಗಳು ತಾವೇ ಕಲಿಯುತ್ತವೆ. ಸುಳಿವು ಮುಖ್ಯವಾಗಿ ಬದಲಿಸುವುದು ಕೋಡ್ ಜೋಡಣೆಯನ್ನು. ಅಪರೂಪ ಅಂದ ಭಾಗ ದೂರಕ್ಕೆ ಹೋಗುತ್ತದೆ, ಇನ್‌ಸ್ಟ್ರಕ್ಷನ್ ಕ್ಯಾಶ್‌ನಲ್ಲಿ (ಕೋಡ್ ಇಟ್ಟುಕೊಳ್ಳುವ ಪ್ರೊಸೆಸರ್‌ನ ಪುಟ್ಟ, ವೇಗದ ಮೆಮೊರಿ) ಬಿಸಿ ದಾರಿ ಒತ್ತಾಗಿ ಕೂರುತ್ತದೆ. ಹಾಗಾಗಿ ಕಂಪೈಲ್ ಆದ ಕೋಡನ್ನು ತೋರಿಸುವ ಆಬ್ಜ್‌ಡಂಪ್ ತೆರೆದು, ಫಂಕ್ಷನ್‌ನ ಕೊನೆಗೆ ತಳ್ಳಿದ್ದ ಭಾಗ ಮುಖ್ಯ ದಾರಿಗೆ ಬಂತಾ ಅಂತ ನೋಡಿದೆ. ಬಂದಿತ್ತು.

ಪ್ಯಾಚ್, ಅಂದರೆ ಕಳಿಸುವ ತಿದ್ದುಪಡಿ, ಒಂದೇ ಸಾಲು. ವಿವರಣೆ ಮಾತ್ರ ಉದ್ದ: ಯಾವ ಮೆಷಿನ್, ಯಾವ ಕೆಲಸದ ಹೊರೆ, ಪಟ್ಟಿಯ ಆ ಸಾಲು, ಯಾಕೆ ತಿರುಗಿಸದೆ ತೆಗೆದೆ ಅನ್ನುವುದು.