ಒಂದೇ ಸಿಮ್, ಎರಡು ಫೋನ್: ಕೊಳ್ಳುವ ಮೊದಲು ಹೋಲಿಸಿ ನೋಡುವ ಕ್ರಮ

ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ, ಬ್ಯಾಟರಿ, ಬೆಲೆ ಎಲ್ಲವನ್ನೂ ಅಳೆದು ತೂಗುವ ನಾವು, ಆ ಫೋನ್ ನಮ್ಮ ಸಿಮ್ ಹಾಕಿಕೊಂಡು ನಮ್ಮ ಮನೆಯ ಗೋಡೆಗಳ ನಡುವೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಹಣ ಕೊಟ್ಟ ಮೇಲೆ ತಿಳಿದುಕೊಳ್ಳುತ್ತೇವೆ. ಫೋನ್ ಮತ್ತು ನೆಟ್‌ವರ್ಕ್ ಎಷ್ಟು ಹೆಣೆದುಕೊಂಡಿವೆ ಎಂಬುದಕ್ಕೆ ಅಮೆರಿಕದ ಐಫೋನ್ 4 ಒಳ್ಳೆಯ ಉದಾಹರಣೆ. 2010ರ ಜೂನ್‌ನಲ್ಲಿ ಅದು ಬಂದಾಗ ಅಲ್ಲಿ ಎಟಿ ಅಂಡ್ ಟಿ ಕಂಪನಿಯ ನೆಟ್‌ವರ್ಕ್‌ನಲ್ಲಿ ಮಾತ್ರ ಸಿಗುತ್ತಿತ್ತು. ಕೆಳಗಿನ ಎಡಮೂಲೆ ಮುಚ್ಚುವಂತೆ ಹಿಡಿದರೆ ಸಿಗ್ನಲ್ ಕಡ್ಡಿಗಳು ಇಳಿದುಹೋಗುತ್ತವೆ ಎಂಬ ದೂರು ಎದ್ದಾಗ, ಕಡ್ಡಿಗಳನ್ನು ಲೆಕ್ಕ ಹಾಕುವ ತನ್ನ ಸೂತ್ರವೇ ತಪ್ಪಾಗಿದ್ದು, ಎಷ್ಟೋ ಸಲ ಎರಡು ಕಡ್ಡಿ ಹೆಚ್ಚಾಗಿ ತೋರಿಸುತ್ತಿತ್ತು ಎಂದು ಆಪಲ್ ಜುಲೈಯಲ್ಲಿ ಒಪ್ಪಿಕೊಂಡಿತು. 2011ರ ಫೆಬ್ರವರಿಯಲ್ಲಿ ಅದೇ ಹೆಸರಿನ ಫೋನ್ ಅಲ್ಲಿನ ಇನ್ನೊಂದು ಮೊಬೈಲ್ ಕಂಪನಿ ವೆರೈಝನ್‌ನ ಗ್ರಾಹಕರಿಗೂ ದೊರೆಯಿತು. ಆದರೆ ಆ ಕಂಪನಿ ಬಳಸುತ್ತಿದ್ದ ಸಿಡಿಎಂಎ ಎಂಬ ಬೇರೆ ನೆಟ್‌ವರ್ಕ್ ತಂತ್ರಜ್ಞಾನದ ಕಾರಣ ಮಾತನಾಡುತ್ತಿರುವಾಗ ಮೊಬೈಲ್ ಇಂಟರ್‌ನೆಟ್ ನಡೆಯುತ್ತಿರಲಿಲ್ಲ. ಫೋನ್ ಒಂದೇ ಎನಿಸಿದರೂ ಬಳಸುವವರ ಅನುಭವ ಎರಡಾಯಿತು.

ಆದ್ದರಿಂದ ಮೊದಲು ನಿಮ್ಮ ಸಿಮ್ ಕಂಪನಿ ಯಾವ ಬ್ಯಾಂಡ್‌ಗಳನ್ನು, ಅಂದರೆ ಯಾವ ರೇಡಿಯೋ ಆವರ್ತನಗಳ ಪಟ್ಟಿಗಳನ್ನು, ಬಳಸುತ್ತದೆ ಎಂದು ತಿಳಿದುಕೊಳ್ಳಿ. ಜಿಯೋದ 4ಜಿ ಸೇವೆ 850, 1800 ಮತ್ತು 2300 ಮೆಗಾಹರ್ಟ್ಸ್‌ಗಳಲ್ಲಿದೆ, ಅಂದರೆ ಬ್ಯಾಂಡ್ 5, 3 ಮತ್ತು 40. ಅದರ 5ಜಿ ಸೇವೆಗೆ ಎನ್28 ಮತ್ತು ಎನ್78 ಎಂಬ ಬ್ಯಾಂಡ್‌ಗಳು ಬೇಕು. ಏರ್‌ಟೆಲ್‌ನ 900 ಮೆಗಾಹರ್ಟ್ಸ್ ಎಂದರೆ ಬ್ಯಾಂಡ್ 8. ಕಡಿಮೆ ಆವರ್ತನದ ಬ್ಯಾಂಡ್‌ಗಳು ದೂರದವರೆಗೆ ಹೋಗುತ್ತವೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತವೆ. ಹಳ್ಳಿಯ ಮನೆಗೆ ಕೊಳ್ಳುವವರು ಇವನ್ನೇ ಮುಖ್ಯವಾಗಿ ನೋಡಬೇಕು. ಫೋನಿನ ಹೆಸರು ನೋಡಿದರೆ ಸಾಲದು, ಪೆಟ್ಟಿಗೆಯ ಮೇಲಿನ ಮಾಡೆಲ್ ಸಂಖ್ಯೆಯನ್ನು ತಯಾರಕರ ಪಟ್ಟಿಯೊಂದಿಗೆ ಹೋಲಿಸಬೇಕು. ಅಮೆರಿಕದಿಂದ ಮಗಳೋ ಅಳಿಯನೋ ತಂದುಕೊಡುವ ಫೋನ್ ಆದರೆ ಈ ಪರಿಶೀಲನೆ ಇನ್ನೂ ಅಗತ್ಯ, ಏಕೆಂದರೆ 2022ರ ಐಫೋನ್ 14ರಿಂದ ಈಚೆಗೆ ಅಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಅಡಕವಾಗಿರುವ ಇ-ಸಿಮ್ ಒಂದೇ ದಾರಿ. ಇದರ ಜೊತೆಗೆ ವೋಲ್ಟಿ (4ಜಿ ಮೂಲಕವೇ ಹೋಗುವ ಕರೆ) ಮತ್ತು ವೈಫೈ ಕರೆ (ಟವರ್ ಬದಲು ಮನೆಯ ವೈಫೈ ಮೂಲಕ ಹೋಗುವ ಕರೆ) ನಿಮ್ಮ ಕಂಪನಿಯ ಸಿಮ್‌ನಲ್ಲಿ ಆ ಫೋನಿಗೆ ಸಿಗುತ್ತವೆಯೇ ಎಂದೂ ಕೇಳಿ; 2ಜಿ, 3ಜಿ ಇಲ್ಲದ ಜಿಯೋದಲ್ಲಿ ವೋಲ್ಟಿ ಇಲ್ಲದ ಫೋನಿನಿಂದ ಸಾಮಾನ್ಯ ಕರೆಯೇ ಹೋಗುವುದಿಲ್ಲ.

ಎರಡನೆಯದು ಅಳತೆ. ನೀವು ಆರಿಸಿಕೊಂಡ ಎರಡು ಫೋನ್‌ಗಳನ್ನು ಈಗಾಗಲೇ ಬಳಸುತ್ತಿರುವ ನೆಂಟರನ್ನೋ ಸ್ನೇಹಿತರನ್ನೋ ಒಂದು ಗಂಟೆಗೆ ಕೇಳಿಕೊಳ್ಳಿ. ನಿಮ್ಮ ಸಿಮ್ಮನ್ನೇ ಒಂದಾದ ಮೇಲೊಂದಕ್ಕೆ ಹಾಕಿ, ಎರಡರಲ್ಲೂ 4ಜಿ ಮಾತ್ರ ಆಯ್ಕೆ ಮಾಡಿ, ಕವರ್ ತೆಗೆದು, ಎರಡು ಮೂರು ನಿಮಿಷ ಕಾದು, ಅದದೇ ಜಾಗಗಳಲ್ಲಿ ನಿಂತು ಸಿಗ್ನಲ್ ಬರೆದುಕೊಳ್ಳಿ. ಕಡ್ಡಿಗಳನ್ನು ಎಣಿಸಬೇಡಿ, ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ನಿಗದಿ ಮಾಡುತ್ತಾರೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ಒಳಗಿರುವ ಸಿಮ್ ಸ್ಟೇಟಸ್‌ನಲ್ಲಿ, ಐಫೋನಿನಲ್ಲಿ *3001#12345#* ಎಂದು ಜಾಗ ಬಿಡದೆ ಒತ್ತಿ ಕರೆ ಮಾಡಿದಾಗ ತೆರೆಯುವ ಪುಟದಲ್ಲಿ, ಸಿಗ್ನಲ್‌ನ ಶಕ್ತಿಯನ್ನು ಅಳೆಯುವ ಡಿಬಿಎಂ (dBm) ಲೆಕ್ಕದ ಸಂಖ್ಯೆ ಸಿಗುತ್ತದೆ. ಇದು ಋಣ ಸಂಖ್ಯೆ. −95 ಎಂಬುದು −110ಕ್ಕಿಂತ ಉತ್ತಮ. ಹತ್ತು ಅಂಕ ಇಳಿದರೆ ಸಿಗ್ನಲ್‌ನ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದಂತೆ. ಆದರೆ ಎರಡು ಮೂರು ಅಂಕದ ವ್ಯತ್ಯಾಸ ನಿಂತಲ್ಲೇ ತಿರುಗಿದರೂ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮನಿಗೆ ಫೋನ್ ಕೊಡಿಸಬೇಕೆಂದು ನಾನು ಇದನ್ನೇ ಮಾಡಿದೆ. ಅಮ್ಮ ಹಗಲೆಲ್ಲ ಫೋನನ್ನು ಜಗಲಿಯ ಕಿಟಕಿಯ ದಂಡೆಯ ಮೇಲೆ ಇಡುತ್ತಿದ್ದರು. ಅದು ಬಾರಿಸಿದರೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಡುಗೆಮನೆಯಿಂದ ಓಡಿಬರಬೇಕಿತ್ತು. ಜಗಲಿಯಲ್ಲಿ ಎರಡೂ ಫೋನ್ −97 ತೋರಿಸಿದವು. ದಪ್ಪ ಮಣ್ಣಿನ ಗೋಡೆ ದಾಟಿ ಅಡುಗೆಮನೆಗೆ ಬಂದಾಗ ಒಂದು −112, ಇನ್ನೊಂದು −114. ಒಂದೇ ಜಾಗದಲ್ಲಿ ಎರಡೂ ಸೋತರೆ ತೊಂದರೆ ನೆಟ್‌ವರ್ಕ್‌ನದು. ಒಂದು ಮಾತ್ರ ಸೋತರೆ ಫೋನಿನದು.

ಮೂರನೆಯದು, ಆ ಫೋನ್ ಬಳಸುವವರನ್ನು ವಿಚಾರಿಸುವುದು. ಇದನ್ನು ಹಗುರವಾಗಿ ಮಾಡಬಾರದು. ‘ಫೋನ್ ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಇಪ್ಪತ್ತು ಸಾವಿರ ಕೊಟ್ಟ ವಸ್ತುವನ್ನು ಹಳಿಯಲು ಯಾರಿಗೂ ಮನಸ್ಸು ಬರುವುದಿಲ್ಲ. ಆರು ತಿಂಗಳಾದರೂ ಬಳಸಿದವರನ್ನು, ನಿಮ್ಮದೇ ಕಂಪನಿಯ ಸಿಮ್ ಇರುವವರನ್ನು ಹುಡುಕಿ. ನಿನ್ನೆ ಎಷ್ಟು ಸಲ ಚಾರ್ಜ್ ಮಾಡಿದಿರಿ, ಈ ವಾರ ಎಷ್ಟು ಕರೆ ಅರ್ಧಕ್ಕೆ ಕಡಿದುಹೋಯಿತು, ರಿಪೇರಿಗೆ ಎಷ್ಟು ದೂರ ಹೋದಿರಿ ಎಂದು ಎಣಿಸಿ ಹೇಳುವಂಥದ್ದನ್ನೇ ಕೇಳಿ. ಬ್ಯಾಟರಿಯ ದೂರು ಬಂದರೆ ಅವರ ಮನೆ ಎಲ್ಲಿದೆ ಎಂದು ತಪ್ಪದೆ ವಿಚಾರಿಸಿ. ಸಿಗ್ನಲ್ ದುರ್ಬಲವಾದ ಕಡೆ ಟವರನ್ನು ಮುಟ್ಟಲು ಫೋನ್ ಹೆಚ್ಚು ಶಕ್ತಿ ವ್ಯಯಿಸುತ್ತದೆ, ಹಾಗಾಗಿ ನೆಟ್‌ವರ್ಕ್‌ನ ಕೊರತೆ ಫೋನಿನ ತಲೆಗೆ ಬರುತ್ತದೆ. ಇದೇ ಕಾರಣಕ್ಕೆ ಗ್ರಾಹಕರ ತೃಪ್ತಿಯ ಸಮೀಕ್ಷೆಗಳನ್ನು ಓದುವಾಗಲೂ ಕಂಪನಿವಾರು ಅಂಕ ಬೇರೆ ಕೊಟ್ಟಿದ್ದಾರೆಯೇ, ಒಂದೇ ಬೆಲೆಯ ಫೋನ್‌ಗಳನ್ನು ಹೋಲಿಸಿದ್ದಾರೆಯೇ ಎಂದು ನೋಡಬೇಕು. ಇಂಥ ಸಮೀಕ್ಷೆ ನಡೆಸುವ ಅಮೆರಿಕದ ಜೆ.ಡಿ. ಪವರ್‌ನಂಥ ಸಂಸ್ಥೆಗಳು 1000ಕ್ಕೆ ಅಂಕ ಕೊಡುತ್ತವೆ. ಅಲ್ಲಿ ನಾಲ್ಕೈದು ಅಂಕದ ಮುನ್ನಡೆ ಕಂಡು ಫೋನ್ ಆರಿಸುವುದು ಸರಿಯಲ್ಲ.

ತೊಂದರೆ ನೆಟ್‌ವರ್ಕ್‌ನದೇ ಎಂದು ಖಚಿತವಾದರೆ ಫೋನಿಗೆ ಹಣ ಹಾಕುವ ಮೊದಲು ನೆರೆಮನೆಯವರ ಬೇರೆ ಕಂಪನಿಯ ಸಿಮ್ಮನ್ನು ಅದದೇ ಜಾಗಗಳಲ್ಲಿ ಅಳೆಯಿರಿ. ಅದು ಮೇಲಾದರೆ ಸಂಖ್ಯೆ ಉಳಿಸಿಕೊಂಡೇ ಬದಲಾಗಬಹುದು: ಈಗಿನ ಕಂಪನಿಯಲ್ಲಿ 90 ದಿನ ಕಳೆದಿದ್ದು, ಬಾಕಿ ಇಲ್ಲದಿದ್ದರೆ, ‘ಪೋರ್ಟ್’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ಸಂಖ್ಯೆ ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿ. ಬರುವ ಕೋಡ್ ಕರ್ನಾಟಕದಲ್ಲಿ ನಾಲ್ಕು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ.

ನಮಗೆ ಅದೂ ಬೇಕಾಗಲಿಲ್ಲ. ಮನೆಗೆ ಫೈಬರ್ ಇಂಟರ್‌ನೆಟ್ ಬಂದು ವರ್ಷವಾಗಿತ್ತು, ಅಮ್ಮನ ಹಳೆಯ ಫೋನಿನಲ್ಲಿಯೇ ವೈಫೈ ಕರೆಯ ಸೌಲಭ್ಯವಿತ್ತು, ಯಾರೂ ಅದನ್ನು ಆನ್ ಮಾಡಿರಲಿಲ್ಲ. ಈಗ ಆ ಫೋನ್ ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಇರುತ್ತದೆ.