ರಕ್ತ ಕೊಟ್ಟ ಕೈ ನೋಯುತ್ತಿದ್ದರೆ, ನೀಲಿಗಟ್ಟಿದ್ದರೆ ಏನು ಮಾಡಬೇಕು

ಸೂಜಿ ತೆಗೆದ ಕೂಡಲೇ ನಾವು ಹತ್ತಿ ಇಟ್ಟು "ಒತ್ತಿ ಹಿಡ್ಕೊಳ್ಳಿ" ಅನ್ನುತ್ತೇವೆ. ಬಹಳ ಮಂದಿ ತಕ್ಷಣ ಮೊಣಕೈ ಮಡಚಿ, ಮುಷ್ಟಿಯನ್ನು ಭುಜಕ್ಕೆ ಆನಿಸಿಕೊಂಡು ಕೂತುಬಿಡುತ್ತಾರೆ. ಲ್ಯಾಬಿನಲ್ಲಿ ಶುಗರ್ ಪರೀಕ್ಷೆಗೆ ರಕ್ತ ಕೊಟ್ಟಾಗಿನ ಅಭ್ಯಾಸ ಅದು. ದಾವಣಗೆರೆಯ ಒಂದು ರಕ್ತನಿಧಿಯಲ್ಲಿ ಸ್ಟಾಫ್ ನರ್ಸ್ ಆಗಿರುವ ನಾನು ಶಿಬಿರದಲ್ಲಿ ದಿನವಿಡೀ ಹೇಳುವ ಮಾತು ಒಂದೇ: ಕೈ ಮಡಚಬೇಡಿ, ನೀಟಾಗಿ ಚಾಚಿ ಒತ್ತಿ. ಮರುದಿನ ಫೋನ್ ಮಾಡಿ "ಮೇಡಂ, ಕೈಯೆಲ್ಲ ಕಪ್ಪಗಾಗೈತ್ರಿ" ಎಂದು ಗಾಬರಿಯಾಗುವವರಲ್ಲಿ ಹೆಚ್ಚಿನವರಿಗೆ ಆ ಮೊದಲ ಐದು ನಿಮಿಷದ ಒತ್ತಡ ಸರಿಯಾಗಿ ಬಿದ್ದಿರುವುದಿಲ್ಲ.

ಪರೀಕ್ಷೆಗೆ ರಕ್ತ ತೆಗೆಯುವ ಸೂಜಿ ಸಣ್ಣದು. ರಕ್ತದಾನದ ಸೂಜಿ 16 ಗೇಜಿನದು, ಒಂದೂವರೆ ಮಿಲಿಮೀಟರಿಗಿಂತ ದಪ್ಪ. 350 ಅಥವಾ 450 ಮಿಲಿಲೀಟರ್ ರಕ್ತ ಹೆಪ್ಪುಗಟ್ಟದೆ, ಕಣಗಳು ಒಡೆಯದೆ ಹತ್ತು ನಿಮಿಷದೊಳಗೆ ಚೀಲ ತುಂಬಬೇಕೆಂದರೆ ಅಷ್ಟು ದಪ್ಪ ಬೇಕೇ ಬೇಕು. ಹಾಗಾಗಿ ರಕ್ತನಾಳದ ಗೋಡೆಯಲ್ಲಿ ಉಳಿಯುವ ತೂತೂ ದೊಡ್ಡದೇ. ಅದು ಮುಚ್ಚಿಕೊಳ್ಳುವ ಮೊದಲು ಕೈ ಮಡಚಿದರೆ, ಬಿಚ್ಚುವಾಗ ಆಗಷ್ಟೇ ಕೂತ ಹೆಪ್ಪು ಕಿತ್ತುಬರುತ್ತದೆ. ಚರ್ಮದ ಮೇಲೆ ಒಂದು ಹನಿಯೂ ಕಾಣದೆ ಒಳಗೊಳಗೇ ರಕ್ತ ಒಸರುತ್ತದೆ. ನೀಲಿಗಟ್ಟುವುದು ಅಂದರೆ ಇಷ್ಟೇ, ನಾಳದಿಂದ ಹೊರಬಂದ ರಕ್ತ ಚರ್ಮದ ಅಡಿಯಲ್ಲಿ ಹರಡಿಕೊಂಡಿರುವುದು.

ಒತ್ತುವ ರೀತಿಯಲ್ಲೂ ಒಂದು ಸೂಕ್ಷ್ಮವಿದೆ. ಸೂಜಿ ನೆಟ್ಟಗೆ ಇಳಿಯುವುದಿಲ್ಲ, ಓರೆಯಾಗಿ ಭುಜದ ಕಡೆಗೆ ಹೋಗುತ್ತದೆ. ಚರ್ಮದ ತೂತು ಒಂದು ಕಡೆ, ನಾಳದ ತೂತು ಅದಕ್ಕಿಂತ ಸ್ವಲ್ಪ ಮೇಲೆ. ಒಂದೇ ಬೆರಳಿನ ತುದಿಯಿಂದ ಹತ್ತಿಯನ್ನು ಒತ್ತಿದರೆ ಹೊರಗಿನ ತೂತು ಮಾತ್ರ ಮುಚ್ಚಿರುತ್ತದೆ. ಮೂರು ಬೆರಳು ಸೇರಿಸಿ, ಹತ್ತಿಯ ಮೇಲೂ ಅದರ ಮೇಲ್ಭಾಗಕ್ಕೂ ಬರುವಂತೆ ಒತ್ತಿ. ಕೈ ಚಾಚಿಯೇ ಇರಲಿ, ಎದೆಮಟ್ಟಕ್ಕಿಂತ ಮೇಲೆ ಎತ್ತಿದರೆ ಇನ್ನೂ ಒಳ್ಳೆಯದು. ಗಡಿಯಾರ ನೋಡಿ ಐದು ನಿಮಿಷ. ನಿಂತಿತಾ ಎಂದು ನಡುನಡುವೆ ಹತ್ತಿ ಎತ್ತಿ ನೋಡಬೇಡಿ, ಉಜ್ಜಲೂ ಬೇಡಿ. ಮೇಲಕ್ಕೆ ಮಡಚಿದ ಅಂಗಿಯ ತೋಳನ್ನು ಆಗಲೇ ಇಳಿಸಿಬಿಡಿ. ಬಿಗಿಯಾಗಿ ಸುರುಳಿ ಸುತ್ತಿದ ಶರ್ಟಿನ ತೋಳು, ರವಿಕೆಯ ಬಿಗಿ ತೋಳು ರಕ್ತವನ್ನು ಮೇಲೆ ಹೋಗಲು ಬಿಡದೆ ಆ ತೂತಿನ ಕಡೆಗೇ ತಳ್ಳುತ್ತಿರುತ್ತದೆ. ಇದನ್ನು ಎಷ್ಟೋ ಶಿಬಿರಗಳಲ್ಲಿ ಯಾರೂ ಹೇಳುವುದಿಲ್ಲ.

ಪಟ್ಟಿ ನಾಲ್ಕೈದು ಗಂಟೆ ಇರಲಿ. ಆ ದಿನ ಆ ಕೈಯಲ್ಲಿ ಭಾರ ಬೇಡ. ಕೊಡಪಾನ, ಗ್ಯಾಸ್ ಸಿಲಿಂಡರ್, ಜಿಮ್ಮಿನ ಡಂಬೆಲ್, ಎತ್ತಿಕೊಳ್ಳೆಂದು ಹಟ ಮಾಡುವ ಮಗು, ಎಲ್ಲ ಭಾರವೇ. ಎಪಿಎಂಸಿಯ ಹಮಾಲರು, ಗಾರೆ ಕೆಲಸದವರು, ಬೆಳಿಗ್ಗೆ ಸಂಜೆ ಹಾಲು ಕರೆಯುವವರು ಶಿಬಿರಕ್ಕೆ ಬಂದರೆ ಯಾವ ಕೈ ಎಂದು ಕೇಳುವ ಮೊದಲು, ಇವತ್ತು ಇನ್ನೂ ಕೆಲಸವಿದೆಯಾ ಎಂದು ಕೇಳುತ್ತೇನೆ. ಇದ್ದರೆ ಕೆಲಸ ಮುಗಿಸಿ ಬನ್ನಿ, ಇಲ್ಲವೇ ರಜೆಯ ದಿನ ಕೊಡಿ. ಬಲಗೈಯವರಿಗೆ ಎಡಗೈಯಲ್ಲಿ ನಾಳ ಚೆನ್ನಾಗಿದ್ದರೆ ಅದನ್ನೇ ಕೊಡುವುದು ಅನುಕೂಲ.

ಇಷ್ಟೆಲ್ಲ ಮಾಡಿಯೂ ಕೆಲವರಿಗೆ ನೀಲಿಗಟ್ಟುತ್ತದೆ. ಸೂಜಿ ನಾಳದ ಹಿಂದಿನ ಗೋಡೆಯನ್ನೂ ದಾಟಿರಬಹುದು, ನಾಳ ಜಾರಿರಬಹುದು. ಅದು ದಾನಿಯ ತಪ್ಪಲ್ಲ, ಅವರ ರಕ್ತ ಕೆಟ್ಟಿದೆ ಎಂದೂ ಅರ್ಥವಲ್ಲ. ಮೊದಲ ದಿನ ಐಸ್ ಇಡಿ. ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟು ತೆಗೆಯಿರಿ, ಒಂದೆರಡು ಗಂಟೆ ಬಿಟ್ಟು ಮತ್ತೆ ಇಡಿ. ಬರಿಯ ಐಸನ್ನು ಚರ್ಮಕ್ಕೆ ತಾಗಿಸಬೇಡಿ. ಬಿಸಿ ಶಾಖ ಮೊದಲ ದಿನ ಬೇಡವೇ ಬೇಡ, ಒಸರುವುದನ್ನು ಹೆಚ್ಚು ಮಾಡುತ್ತದೆ. ಎರಡನೆಯ ದಿನ ದಾಟಿದ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟರೆ ಹಿತವಾಗುತ್ತದೆ, ನಿಂತ ರಕ್ತ ಬೇಗ ಕರಗುತ್ತದೆ.

ನಮ್ಮ ಮನೆಗಳಲ್ಲಿ ಕೈ ನೋವೆಂದ ತಕ್ಷಣ ಎಣ್ಣೆ ಹಚ್ಚಿ ನೀವುವ ಅಜ್ಜಿಯೋ ಅತ್ತೆಯೋ ಇರುತ್ತಾರೆ. ಅವರ ಪ್ರೀತಿಗೆ ನಮಸ್ಕಾರ, ಆದರೆ ಈ ಕೈಯನ್ನು ನೀವಬಾರದು, ಕೂತ ಹೆಪ್ಪು ಮತ್ತೆ ಸಡಿಲವಾಗುತ್ತದೆ. ಅರಿಶಿನ-ಸುಣ್ಣದ ಪಟ್ಟೂ ಬೇಡ. ಸುಣ್ಣ ಚರ್ಮವನ್ನು ಸುಡುತ್ತದೆ, ಸೂಜಿಯ ಗಾಯವಿನ್ನೂ ಹಸಿಯಾಗಿರುತ್ತದೆ. ನೋವು ಜಾಸ್ತಿಯಿದ್ದರೆ ಪ್ಯಾರಸಿಟಮಾಲ್ ಸಾಕು, ಅದು ನಿಮಗೆ ಆಗಿಬರುವುದಾದರೆ. ಡಿಸ್ಪ್ರಿನ್, ಬ್ರುಫೆನ್, ಕಾಂಬಿಫ್ಲಾಮ್ ಮೊದಲ ಒಂದೆರಡು ದಿನ ಬೇಡ. ಡಿಸ್ಪ್ರಿನ್‌ನಲ್ಲಿರುವುದು ಆಸ್ಪಿರಿನ್, ಉಳಿದೆರಡರಲ್ಲಿ ಐಬುಪ್ರೊಫೆನ್ ಇದೆ. ಎರಡೂ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡ ಬರುತ್ತವೆ.

ಆಮೇಲೆ ಕಾಯಬೇಕು. ಕಪ್ಪುನೀಲಿ ಬಣ್ಣ ನಾಲ್ಕಾರು ದಿನದಲ್ಲಿ ಹಸಿರಿಗೆ, ಕೊನೆಗೆ ಹಳದಿಗೆ ತಿರುಗಿ ಒಂದೆರಡು ವಾರದಲ್ಲಿ ಹೋಗುತ್ತದೆ. ಹಿಮೋಗ್ಲೋಬಿನ್ ಒಡೆದು ಬಿಲಿವರ್ಡಿನ್ ಆಗುವಾಗ ಹಸಿರು, ಬಿಲಿರುಬಿನ್ ಆಗುವಾಗ ಹಳದಿ. ಹಳದಿ ಕಂಡು ಕಾಮಾಲೆಯೇನೋ ಎಂದು ಹೆದರಿದ ತಾಯಂದಿರು ಫೋನ್ ಮಾಡಿದ್ದುಂಟು. ಅದು ಗುಣವಾಗುತ್ತಿರುವ ಬಣ್ಣ. ಸೂಜಿ ಚುಚ್ಚಿದ್ದು ಮೊಣಕೈಯಲ್ಲಿ, ಎರಡು ದಿನ ಬಿಟ್ಟು ನೋಡಿದರೆ ಕಲೆ ಮಣಿಕಟ್ಟಿನ ಹತ್ತಿರ. ಇದಕ್ಕೂ ಗಾಬರಿ ಬೇಡ, ರಕ್ತ ತನ್ನ ಭಾರಕ್ಕೆ ಕೆಳಗಿಳಿಯುತ್ತದೆ. ಚರ್ಮದ ಬಣ್ಣ ಗಾಢವಾಗಿರುವವರಿಗೆ ನೀಲಿ ಅಷ್ಟಾಗಿ ಕಾಣದು. ಮುಟ್ಟಿದರೆ ಗಟ್ಟಿ, ನೋವು, ಸ್ವಲ್ಪ ಊತ ತಿಳಿಯುತ್ತದೆ. ಬೆಳೆಯುತ್ತಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಬಾಲ್ ಪೆನ್ನಿನಿಂದ ಅಂಚಿನ ಸುತ್ತ ಗೆರೆ ಎಳೆದು, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಫೋನಿನಲ್ಲಿ ನಮಗೆ ವಿವರಿಸುವಾಗಲೂ ಇದು ತುಂಬ ಉಪಯೋಗಕ್ಕೆ ಬರುತ್ತದೆ.

ಎಲ್ಲ ನೋವೂ ಇದೇ ನೋವಲ್ಲ. ಸೂಜಿ ಹೋಗುವಾಗಲೇ ಕರೆಂಟ್ ಹೊಡೆದಂತೆ ಬೆರಳಿನವರೆಗೆ ಝುಮ್ ಎಂದರೆ ಅದು ನರಕ್ಕೆ ತಾಗಿದೆ. ಗಂಡಸಾಗಿ ಇಷ್ಟು ತಡೆಯಲಾರೆನೇ ಎಂದು ಹಲ್ಲು ಕಚ್ಚಿ ಕೂರಬೇಡಿ, ಆಗಲೇ ಹೇಳಿ, ನಾವು ಸೂಜಿ ತೆಗೆಯುತ್ತೇವೆ. ಇಂಥ ಜೋಮು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಕೆಲವರಿಗೆ ವಾರಗಳಲ್ಲಿ ಹೋಗುತ್ತದೆ. ಹೋಗದಿದ್ದರೆ, ಅಥವಾ ಬೆರಳಿನ ಹಿಡಿತ ಸಡಿಲವಾದರೆ ವೈದ್ಯರಿಗೆ ತೋರಿಸಲೇಬೇಕು.

ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ, ಅಪರೂಪಕ್ಕೆ. ಮೊಣಕೈಯ ಊತ ನೋಡನೋಡುತ್ತಿದ್ದಂತೆ ನಿಂಬೆಹಣ್ಣಿನ ಗಾತ್ರ ದಾಟಿ ಬೆಳೆಯುತ್ತಿದ್ದರೆ, ಮುಂಗೈ ಬಿಗಿದು ಗಟ್ಟಿಯಾಗಿ ತಡೆಯಲಾರದ ನೋವಿದ್ದರೆ, ಬೆರಳು ತಣ್ಣಗಾಗಿ ಬಿಳಿಚಿಕೊಂಡರೆ, ಸೂಜಿ ಪಕ್ಕದ ಅಪಧಮನಿಗೆ ತಾಗಿರಬಹುದು. ಕೈ ಚಾಚಿ ಬಲವಾಗಿ ಒತ್ತಿಕೊಂಡೇ ಹೊರಡಿ. ಎರಡು ಮೂರು ದಿನದ ಮೇಲೆ ಸೂಜಿಯ ಜಾಗ ಕೆಂಪಾಗಿ ಬಿಸಿಯಾಗುವುದು, ಕೀವು, ಜ್ವರ ಸೋಂಕಿನ ಲಕ್ಷಣ. ನಾಳ ಉದ್ದಕ್ಕೂ ಗಟ್ಟಿಯಾಗಿ ಕೈಗೆ ಸಿಕ್ಕಿ ನೋಯುತ್ತಿದ್ದರೆ ನಾಳದ ಉರಿಯೂತ. ಇಡೀ ಕೈ ಊದಿದರೆ ಆ ದಿನವೇ ತೋರಿಸಿ. ಬರೀ ತುರಿಕೆ, ಪಟ್ಟಿಯ ಆಕಾರದಲ್ಲೇ ಕೆಂಪು ಗುಳ್ಳೆ ಇದ್ದರೆ ಪಟ್ಟಿಯ ಅಂಟಿನ ಅಲರ್ಜಿ, ಕಿತ್ತು ಸೋಪಿನಿಂದ ತೊಳೆದರೆ ಸಾಕು.

ಮನೆಗೆ ಹೋದ ಮೇಲೆ ರಕ್ತ ಮತ್ತೆ ಹನಿಯತೊಡಗಿದರೂ ಅದೇ ಉಪಾಯ: ಕೂತು, ಕೈ ಎತ್ತಿ, ಚಾಚಿ, ಮೂರು ಬೆರಳಿನಿಂದ ಈ ಸಲ ಹತ್ತು ನಿಮಿಷ.

ಏನೇ ಆದರೂ ರಕ್ತ ಕೊಟ್ಟ ಜಾಗಕ್ಕೆ ಫೋನ್ ಮಾಡಿ ತಿಳಿಸಿ. ಪುಣ್ಯದ ಕೆಲಸ ಮಾಡಿ ದೂರು ಹೇಳುವುದೇ ಎಂದು ಸಂಕೋಚಪಡುವವರು ನಮ್ಮಲ್ಲಿ ಬಹಳ. ಇದು ದೂರಲ್ಲ. ದಾನಿಗಳಿಗೆ ಆಗುವ ತೊಂದರೆಗಳನ್ನು ದಾಖಲಿಸಲೆಂದೇ 2015ರ ಜೂನ್ 14ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದು ನಡೆಯುತ್ತಿದೆ; ನೀಲಿಗಟ್ಟಿದ್ದು, ನರ ನೋವು ಎಲ್ಲವನ್ನೂ ನಾವು ಅದಕ್ಕೆ ವರದಿ ಮಾಡಬಹುದು. ನೀವು ಹೇಳದಿದ್ದರೆ ನಮ್ಮ ಕೈ ಎಲ್ಲಿ ತಪ್ಪುತ್ತಿದೆ ಎಂದು ನಮಗೂ ಗೊತ್ತಾಗುವುದಿಲ್ಲ.

ಮುಂದಿನ ಸರದಿ ಗಂಡಸರಿಗೆ 90 ದಿನಕ್ಕೆ, ಹೆಂಗಸರಿಗೆ 120 ದಿನಕ್ಕೆ ಬರುತ್ತದೆ. ಅಷ್ಟರಲ್ಲಿ ಕಲೆ ಮಾಸಿ ಎಷ್ಟೋ ದಿನವಾಗಿರುತ್ತದೆ. ಬಂದಾಗ ಹಿಂದಿನ ಸಲ ಹೀಗಾಗಿತ್ತು ಎಂದು ಕುರ್ಚಿ ಹತ್ತುವ ಮೊದಲೇ ಹೇಳಿ, ಇನ್ನೊಂದು ಕೈ ತೋರಿಸಿ, ಅಲ್ಲಿರುವವರಲ್ಲಿ ಕೈ ಪಳಗಿದವರೇ ಚುಚ್ಚಲಿ ಎಂದು ಧಾರಾಳವಾಗಿ ಕೇಳಿ.